ಕಾರ್ಬನ್ ಚಿಕಿತ್ಸೆಯ ‘ಫ್ರಾಗ್ಮೆಂಟೇಶನ್’: ಚೂರಾಗುವುದೋ, ಮುಕ್ಕಾಗುವುದೋ?

ಎಲ್ಲರಿಗೂ ನಮಸ್ಕಾರ.

ಕ್ಯಾನ್ಸರ್ ಗಡ್ಡೆಗೆ ಕಾರ್ಬನ್ ಅಯಾನುಗಳನ್ನು (ವಿದ್ಯುದಂಶವಿರುವ ಪರಮಾಣುಗಳನ್ನು) ಹಾಯಿಸುವ ಚಿಕಿತ್ಸೆಯ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಜಪಾನಿನ ಚಿಬಾದಲ್ಲಿ 1994ರಲ್ಲಿ, ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 1997ರಲ್ಲಿ ಇದು ಶುರುವಾಯಿತು. ‘ನ್ಯೂಕ್ಲಿಯರ್ ಫ್ರಾಗ್ಮೆಂಟೇಶನ್’ಗೆ, ಅಂದರೆ ಪರಮಾಣುವಿನ ನಡುವಿನ ನ್ಯೂಕ್ಲಿಯಸ್ ಡಿಕ್ಕಿಯಲ್ಲಿ ಒಡೆಯುವುದಕ್ಕೆ, ಒಪ್ಪುವ ಕನ್ನಡ ಪದ ಬೇಕಾಗಿದೆ.

‘ವಿದಳನ’ ಇದೆಯಲ್ಲ ಅನ್ನಬಹುದು. ಅದು ಯುರೇನಿಯಂನಂಥ ಭಾರದ ನ್ಯೂಕ್ಲಿಯಸ್ ಎರಡಾಗಿ ಸೀಳುವುದಕ್ಕೆ ಆಗಲೇ ಮೀಸಲು. ‘ವಿಘಟನೆ’ ಅಂದರೆ ತಾನಾಗಿಯೇ ಆಗುವ ಕ್ಷಯ ಅನ್ನಿಸುತ್ತದೆ. ಇಲ್ಲಿ ಆಗುವುದು ಡಿಕ್ಕಿ. ಬೆಳಕಿನ ವೇಗದ ಸುಮಾರು 70%ರಷ್ಟು ವೇಗದಲ್ಲಿ ನುಗ್ಗುವ ಕಾರ್ಬನ್, ದೇಹದೊಳಗಿನ ಆಮ್ಲಜನಕದಂಥ ಇನ್ನೊಂದು ನ್ಯೂಕ್ಲಿಯಸ್ಸಿಗೆ ಬಡಿದು ಒಡೆಯುತ್ತದೆ. ಈ ವೇಗದ ಕಾರ್ಬನ್ ನೀರಿನಲ್ಲಿ ಸುಮಾರು 27 ಸೆಂ.ಮೀ. ಆಳಕ್ಕೆ ಹೋಗಬಲ್ಲದು. ಆದರೆ ಅಷ್ಟು ದೂರ ಇಡಿಯಾಗಿ ತಲುಪುವುದು ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಮಾತ್ರ!

ಮಿಕ್ಕವು ಹೈಡ್ರೋಜನ್, ಹೀಲಿಯಂ, ಲಿಥಿಯಂ, ಬೆರಿಲಿಯಂ, ಬೋರಾನ್ ಆಗುತ್ತವೆ. ವೇಗ ಸುಮಾರು ಅದೇ, ವಿದ್ಯುದಂಶ ಕಡಿಮೆ; ವಿದ್ಯುದಂಶ ಕಡಿಮೆಯಾದರೆ ದಾರಿಯಲ್ಲಿ ಕಳೆದುಕೊಳ್ಳುವ ಶಕ್ತಿಯೂ ಕಡಿಮೆ. ಹಾಗಾಗಿ ಹೈಡ್ರೋಜನ್, ಹೀಲಿಯಂನಂಥ ಹಗುರದವು ಗಡ್ಡೆಯನ್ನೂ ದಾಟಿ ಮುಂದಿನ ಆರೋಗ್ಯವಂತ ಅಂಗಕ್ಕೆ ವಿಕಿರಣ ಕೊಡುತ್ತವೆ. ಆ ಡೋಸನ್ನು ಮೊದಲೇ ಲೆಕ್ಕ ಹಾಕಬೇಕಾದರೆ ಯಾವುದು, ಎಷ್ಟು, ಯಾವ ಕೋನದಲ್ಲಿ ಹೊರಟಿತು ಎಂದು ಅಳೆದಿರಬೇಕು. ಇಟಲಿಯ ವಿಜ್ಞಾನಿಗಳು ಮುಂದೆ ನಿಂತು ನಡೆಸುತ್ತಿರುವ ‘ಫೂಟ್’ ಪ್ರಯೋಗ ಇದಕ್ಕಾಗಿಯೇ ಇದೆ. ತೆಳು ಪ್ಲಾಸ್ಟಿಕ್ ಪಟ್ಟಿಯಲ್ಲಿ ಕಣ ಎಷ್ಟು ಶಕ್ತಿ ಕಳೆದುಕೊಂಡಿತು ಎಂದು ನೋಡುತ್ತಾರೆ. ಅದೇ ವೇಗದಲ್ಲಿ ಹೈಡ್ರೋಜನ್ 1 ಕಳೆದುಕೊಂಡರೆ ಹೀಲಿಯಂ 4, ಬೋರಾನ್ 25. ಹಾರಿ ಬರಲು ಹಿಡಿದ ಸಮಯವೂ ಗೊತ್ತಾದರೆ ಬಂದದ್ದು ಯಾರೆಂದು ಹೇಳಬಹುದು.

ಈಗ ಪದಕ್ಕೆ ಬರೋಣ. ‘ಹೋಳು’ ಅಂದರೆ ಯಾರೋ ಕುಯ್ದದ್ದು. ‘ಪುಡಿ’ ತೀರಾ ಸಣ್ಣದು. ‘ಛಿದ್ರೀಕರಣ’ ಓದುವಾಗಲೇ ಎಡವುತ್ತದೆ, ಮೇಲಾಗಿ ಛಿದ್ರ ಅಂದರೆ ತೂತು ಎಂಬ ಅರ್ಥವೂ ಇದೆ. ಬಡಿದು ಒಡೆದದ್ದಕ್ಕೆ ‘ಚೂರು’ ಸಹಜ. ‘ನ್ಯೂಕ್ಲಿಯಸ್ ಚೂರಾಗುವಿಕೆ’ ಅಂತ ಬರೆಯಲು ನನಗೆ ಮನಸ್ಸಿದೆ.

ತೊಡಕು ಒಂದೇ. ಕೆಲವು ಸಲ ಕಾರ್ಬನ್-12 ಒಂದೇ ಒಂದು ನ್ಯೂಟ್ರಾನ್ ಕಳೆದುಕೊಂಡು ಕಾರ್ಬನ್-11 ಆಗುತ್ತದೆ. ಇದನ್ನೂ ಫ್ರಾಗ್ಮೆಂಟ್ ಅಂತಲೇ ಕರೆಯುತ್ತಾರೆ. ಇದು ಬಹಳ ಉಪಯೋಗದ್ದು: ಪಾಸಿಟ್ರಾನ್ (ಎಲೆಕ್ಟ್ರಾನಿನಂಥದೇ, ಆದರೆ ಧನ ವಿದ್ಯುದಂಶದ ಕಣ) ಹೊರಹಾಕುವುದರಿಂದ, ಕಿರಣ ಎಲ್ಲಿಗೆ ಮುಟ್ಟಿತು ಎಂದು ಪಾಸಿಟ್ರಾನಿನ ಜಾಡು ಹಿಡಿಯುವ ಪೆಟ್ ಸ್ಕ್ಯಾನಿನಲ್ಲಿ ಕಾಣುತ್ತದೆ. ಆದರೆ ಹನ್ನೆರಡರಲ್ಲಿ ಹನ್ನೊಂದು ಪಾಲು ಉಳಿದದ್ದನ್ನು ಚೂರು ಅನ್ನುವುದು ಹೇಗೆ? ಅಂಚು ಒಡೆದ ಬಟ್ಟಲನ್ನು ಚೂರಾಯಿತು ಅನ್ನುವುದಿಲ್ಲ, ಮುಕ್ಕಾಯಿತು ಅನ್ನುತ್ತೇವೆ. ಹಾಗೇ ಇದನ್ನು ‘ಮುಕ್ಕಾದ ಕಾರ್ಬನ್’ ಅನ್ನಬಹುದು, ಅಲ್ವಾ?

ಇನ್ನೊಂದು ವಿಷಯ: ಬಡಿಸಿಕೊಂಡ, ಅಂದರೆ ಏಟು ತಿಂದ, ನ್ಯೂಕ್ಲಿಯಸ್ಸೂ ಒಡೆಯುತ್ತದೆ. ಅದರ ಚೂರುಗಳು ಬಿದ್ದಲ್ಲೇ ನಿಲ್ಲುತ್ತವೆ, ದೂರ ಹೋಗುವುದಿಲ್ಲ. ಇವೆರಡನ್ನು ‘ಬಡಿದದ್ದರ ಚೂರು’, ‘ಬಡಿಸಿಕೊಂಡದ್ದರ ಚೂರು’ ಎಂದು ಬೇರೆ ಮಾಡಿದರೆ ಓದುಗರಿಗೆ ತಿಳಿಯುತ್ತದೆಯೇ? ‘ಮುಕ್ಕು’ ಅಂದ ತಕ್ಷಣ ಗಬಗಬ ತಿನ್ನುವ ಅರ್ಥ ಅಡ್ಡ ಬರುತ್ತದೆಯೇ? ಇದಕ್ಕಿಂತ ಒಳ್ಳೆಯ ಪದ ಬಳಸಿದವರಿದ್ದರೆ ದಯವಿಟ್ಟು ಅದು ಬಂದ ವಾಕ್ಯದ ಜೊತೆಗೇ ತಿಳಿಸಿ.