ಎಟೊಮಾಕ್ಸಿರ್ ಹಾಕಿದರೆ ಎರಡೂ ಗುಂಪಿನ ಕೋಶಗಳ ಉಸಿರಾಟ ಬೀಳುತ್ತಿದೆ, ಯಾಕೆ?

ಹಾಸನದಿಂದ:
ನಮಸ್ಕಾರ. ಬೆಂಗಳೂರಿನಲ್ಲಿ ಪೋಸ್ಟ್‌ಡಾಕ್ ಮಾಡುತ್ತಿದ್ದೇನೆ, ಈಗ ರಜಕ್ಕೆ ಹಾಸನದ ಮನೆಗೆ ಬಂದು ಡೇಟಾ ಹರಡಿಕೊಂಡು ಕೂತಿದ್ದೇನೆ. ಇಲಿಯ ಹಿಪ್ಪೊಕ್ಯಾಂಪಸ್‌ನ ನರ ಕಾಂಡಕೋಶಗಳು. ಒಂದು ಗುಂಪು ವಿಭಜನೆ ಆಗುತ್ತಿದೆ, ಇನ್ನೊಂದಕ್ಕೆ ಬಿಎಂಪಿ4 ಎಂಬ ಸಂಕೇತ ಪ್ರೋಟೀನ್ ಕೊಟ್ಟು ಸುಪ್ತ ಸ್ಥಿತಿಗೆ ತಂದಿದ್ದೇವೆ. ಕೋಶಗಳ ಉಸಿರಾಟ ಅಳೆಯುವ ಸೀಹಾರ್ಸ್ ಯಂತ್ರದಲ್ಲಿ 100 ಮೈಕ್ರೋಮೋಲಾರ್ ಎಟೊಮಾಕ್ಸಿರ್ (ಕೊಬ್ಬು ಸುಡುವುದನ್ನು ತಡೆಯುವ ಔಷಧಿ) ಹಾಕಿದರೆ ಎರಡರಲ್ಲೂ ಆಮ್ಲಜನಕ ಬಳಕೆ ದಿಢೀರ್ ಅಂತ ಇಳಿಯುತ್ತದೆ, ಆಮೇಲೆ ಉಸಿರಾಟವನ್ನು ಗರಿಷ್ಠಕ್ಕೆ ಏರಿಸುವ ಎಫ್‌ಸಿಸಿಪಿ ಹಾಕಿದರೂ ಏಳುವುದಿಲ್ಲ. ಕೋಶಗಳು ಮಾತ್ರ ಚೆನ್ನಾಗಿ ಅಂಟಿಕೊಂಡೇ ಇವೆ. ಸುಪ್ತ ಕೋಶಗಳು ಕೊಬ್ಬು ಸುಡುತ್ತವೆ ಅಂತ ಇದರಿಂದ ಹೇಳಬಹುದಾ?

ಚಿಕ್ಕಮಗಳೂರಿನಿಂದ:
ಮಳೆಗೆ ಇಲ್ಲಿ ಕರೆಂಟಿರಲಿಲ್ಲ, ಉತ್ತರ ತಡವಾಯಿತು. ದಯವಿಟ್ಟು ಈಗಲೇ ಹಾಗೆ ಬರೆಯಬೇಡಿ. ನಿಮ್ಮ ಮೀಡಿಯಮ್ಮಿನಲ್ಲಿ ಗ್ಲೂಕೋಸ್, ಪೈರುವೇಟ್ ಇವೆ ಅಲ್ವಾ? ಬರೀ ಈ ಔಷಧಿಯ ಗುರಿಯಾದ ಸಿಪಿಟಿ1 ಕಿಣ್ವ ಮುಚ್ಚಿದ್ದರೆ, ಅಂದರೆ ಉದ್ದ ಸರಪಳಿಯ ಕೊಬ್ಬಿನಾಮ್ಲ ಮೈಟೊಕಾಂಡ್ರಿಯಾ ಒಳಗೆ ಹೋಗುವ ದಾರಿ ಮಾತ್ರ ಬಂದ್ ಆಗಿದ್ದರೆ, ಕೋಶ ಪೈರುವೇಟ್ ಬಳಸಿಯಾದರೂ ಎಫ್‌ಸಿಸಿಪಿಗೆ ಏಳಬೇಕಿತ್ತು. ಏಳಲಿಲ್ಲ ಅಂದರೆ ಪೆಟ್ಟು ಬಿದ್ದಿರುವುದು ಉಸಿರಾಟದ ಸರಪಳಿಗೇ. ನನಗೆ ಅನುಮಾನ ಡೋಸಿನ ಮೇಲೆ. 2018ರಲ್ಲಿ ಕ್ಯಾನ್ಸರ್ ಕೋಶಗಳಲ್ಲಿ ತೋರಿಸಿದ್ದಾರೆ: 10 ಮೈಕ್ರೋಮೋಲಾರ್‌ಗೇ ಕೊಬ್ಬು ಸುಡುವುದು ಸುಮಾರು 90% ನಿಲ್ಲುತ್ತದೆ, 200ಕ್ಕೆ ಹೋದರೆ ಉಸಿರಾಟದ ಸರಪಳಿಯ ಮೊದಲ ಕೊಂಡಿಯಾದ ಕಾಂಪ್ಲೆಕ್ಸ್ 1 ಕೂಡ ಕೈಕೊಡುತ್ತದೆ.

ಮೊದಲು 3 ರಿಂದ 5 ಮೈಕ್ರೋಮೋಲಾರ್‌ನಲ್ಲಿ ಮಾಡಿ ನೋಡಿ. ಜೊತೆಗೆ ಡಿಜಿಟೋನಿನ್‌ನಿಂದ ಕೋಶದ ಪೊರೆ ತೂತು ಮಾಡಿ, ಉಸಿರಾಟ ಓಡಿಸಲು ಎಡಿಪಿ ಕೊಟ್ಟು, ತಟ್ಟೆಯ ಕೆಲವು ಬಾವಿಗಳಿಗೆ (ಕೋಶ ಇರುವ ಗುಳಿಗಳಿಗೆ) ಕಾಂಪ್ಲೆಕ್ಸ್ 1 ಮೂಲಕ ಬಳಕೆಯಾಗುವ ಪೈರುವೇಟ್-ಮ್ಯಾಲೇಟ್, ಕೆಲವಕ್ಕೆ ಕಾಂಪ್ಲೆಕ್ಸ್ 1 ಮುಚ್ಚುವ ರೋಟೆನೋನ್ ಸೇರಿಸಿ, ಕಾಂಪ್ಲೆಕ್ಸ್ 1 ಇಲ್ಲದೆಯೂ ಬಳಕೆಯಾಗುವ ಸಕ್ಸಿನೇಟ್ ಹಾಕಿ. 100ರ ಡೋಸಿನಲ್ಲಿ ಪೈರುವೇಟ್-ಮ್ಯಾಲೇಟ್ ಬಾವಿಗಳು ಬಿದ್ದು ಸಕ್ಸಿನೇಟ್ ಬಾವಿಗಳು ನಿಂತರೆ, ಪೆಟ್ಟು ಬಿದ್ದಿರುವುದು ಬಹುತೇಕ ಕಾಂಪ್ಲೆಕ್ಸ್ 1ಕ್ಕೇ.

ಹಾಸನದಿಂದ:
ಹೌದು, ಎರಡೂ ಇವೆ. ಕಡಿಮೆ ಡೋಸಿನಲ್ಲಿ ಸುಪ್ತ ಕೋಶಗಳೂ ಇಳಿಯದಿದ್ದರೆ ನಮ್ಮ ವಾದವೇ ಬಿದ್ದುಹೋಯಿತಾ?

ಚಿಕ್ಕಮಗಳೂರಿನಿಂದ:
ಇಲ್ಲ, ಇಲ್ಲ. ಗ್ಲೂಕೋಸ್ ಧಾರಾಳವಾಗಿದ್ದರೆ ಕೋಶ ಅದಕ್ಕೇ ಹೊರಳಿಕೊಳ್ಳಬಹುದು, ಗ್ರಾಫಿನಲ್ಲಿ ಏನೂ ಕಾಣುವುದಿಲ್ಲ. ನೀವು ಕೋಶ ಬೆಳೆಸುವಾಗ ಹಾಕುವ ಬಿ27 ಪೂರಕದಲ್ಲಿ ಲಿನೋಲಿಯಿಕ್ ಆಮ್ಲ ಎಂಬ ಕೊಬ್ಬಿನಾಮ್ಲ, ಕೊಬ್ಬಿನಾಮ್ಲವನ್ನು ಮೈಟೊಕಾಂಡ್ರಿಯಾಕ್ಕೆ ಸಾಗಿಸಲು ಬೇಕಾದ ಕಾರ್ನಿಟಿನ್ ಇರುತ್ತವೆ, ಸೀಹಾರ್ಸ್ ಮೀಡಿಯಮ್ಮಿನಲ್ಲಿ ಅವು ಇರುವುದಿಲ್ಲ, ಇದನ್ನೂ ಯೋಚಿಸಿ. ಗ್ಲೂಕೋಸ್ ಇಳಿಸಿ, ಕಾರ್ನಿಟಿನ್ ಮತ್ತು ಬಿಎಸ್‌ಎ ಪ್ರೋಟೀನಿಗೆ ಕಟ್ಟಿದ ಪಾಮಿಟೇಟ್ ಎಂಬ ಕೊಬ್ಬಿನಾಮ್ಲ ಕೊಡಿ, ಪಕ್ಕದಲ್ಲಿ ಬರೀ ಬಿಎಸ್‌ಎ ಬಾವಿ ಇರಲೇಬೇಕು. ಕಾರ್ಬನ್-13ರಿಂದ ಗುರುತು ಹಾಕಿದ ಪಾಮಿಟೇಟ್ ಕೊಟ್ಟು, ಆ ಗುರುತು ಸಿಟ್ರೇಟ್ ಸೇರುವ ತನಕ ಹಿಂಬಾಲಿಸಿದರೆ ಇನ್ನೂ ಗಟ್ಟಿ. ಸಿಪಿಟಿ1ಎ ಜೀನ್ ತೆಗೆದ ಇಲಿ ಸಿಕ್ಕರಂತೂ ಔಷಧಿಯ ತಂಟೆಯೇ ಬೇಡ.

ಇನ್ನೊಂದು. ಸುಪ್ತ ಗುಂಪಿನಲ್ಲಿ ಕೋಶಗಳ ಸಂಖ್ಯೆ ಯಾವಾಗಲೂ ಕಡಿಮೆ. ರನ್ ಮುಗಿದ ಮೇಲೆ ಹೋಕ್ಸ್ಟ್ ಬಣ್ಣ ಹಾಕಿ ಪ್ರತಿ ಬಾವಿಯ ನ್ಯೂಕ್ಲಿಯಸ್ ಎಣಿಸಿ, ಆಮ್ಲಜನಕ ಬಳಕೆಯನ್ನು ಅದರಿಂದಲೇ ಭಾಗಿಸಿ. ಎರಡು ಗುಂಪುಗಳನ್ನು ಹೋಲಿಸುವುದು ಆಮೇಲೆ.