ಆರು ವರ್ಷ ಅನುಭವ ಇದೆ, ರಿಕ್ರೂಟರ್‌ಗಳ ಕಣ್ಣಿಗೇ ಬೀಳ್ತಿಲ್ಲ. ಪ್ರೊಫೈಲ್‌ನಲ್ಲಿ ಏನು ಬದಲಾಯಿಸಲಿ?

ಪೀಣ್ಯ_ಕ್ವಾಲಿಟಿ:
ಎಲ್ಲರಿಗೂ ನಮಸ್ಕಾರ. ಡಿಪ್ಲೊಮಾ ಮೆಕ್ಯಾನಿಕಲ್ ಮುಗಿಸಿ ಪೀಣ್ಯದ ಒಂದು ಆಟೊ ಬಿಡಿಭಾಗಗಳ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೀನಿ. ಸಿಎಂಎಂ (ಬಿಡಿಭಾಗಗಳ ಅಳತೆ ನಿಖರವಾಗಿ ತೆಗೆಯೋ ಯಂತ್ರ) ಪ್ರೋಗ್ರಾಂ ನಾನೇ ಮಾಡ್ತೀನಿ, ಕಸ್ಟಮರ್‌ಗೆ ಹೋಗೋ ಪಿಪಿಎಪಿ ಫೈಲ್ (ಬಿಡಿಭಾಗಕ್ಕೆ ಕಸ್ಟಮರ್ ಒಪ್ಪಿಗೆ ಪಡೆಯೋ ದಾಖಲೆಗಳು) ಪೂರ್ತಿ ನನ್ನ ಕೈಯಲ್ಲೇ ತಯಾರಾಗೋದು. ಲಿಂಕ್ಡ್‌ಇನ್ ಹೆಡ್‌ಲೈನ್‌ನಲ್ಲಿ ಕಂಪನಿ ಕೊಟ್ಟ ಡೆಸಿಗ್ನೇಷನ್ ಹಾಕಿದ್ದೀನಿ, 'ಅಸೋಸಿಯೇಟ್ ಗ್ರೇಡ್ 2'. ನೌಕ್ರಿಯಲ್ಲೂ ಅದೇ. ಬರೋ ಕರೆಗಳೆಲ್ಲ ಇನ್ಶೂರೆನ್ಸ್ ಸೇಲ್ಸ್‌ನವು. ಜೊತೆಗೆ ನಮ್ಮ ಎಚ್ಆರ್‌ಗೆ ಗೊತ್ತಾದ್ರೆ ಕಷ್ಟ.

ಎಚ್ಆರ್_ಅಕ್ಕ:
ತಮ್ಮಾ, ಫ್ಯಾಕ್ಟರಿಗಳಿಗೆ ಜನ ಹುಡುಕಿಕೊಡೋದೇ ನನ್ನ ಕೆಲಸ. ಕ್ವಾಲಿಟಿಗೆ ಜನ ಬೇಕು ಅಂತ ಬಂದ್ರೆ ನಾನು ಸರ್ಚ್‌ನಲ್ಲಿ ಹಾಕೋದು 'ಕ್ವಾಲಿಟಿ ಇಂಜಿನಿಯರ್', ಸಿಎಂಎಂ, ಪಿಪಿಎಪಿ. ಆಮೇಲೆ ಊರು ಬೆಂಗಳೂರು, ಅನುಭವ 4ರಿಂದ 8 ವರ್ಷ. 'ಅಸೋಸಿಯೇಟ್ ಗ್ರೇಡ್ 2' ಅಂತ ಯಾರೂ ಟೈಪ್ ಮಾಡಲ್ಲಪ್ಪ. ಇಷ್ಟು ಕೆಲಸ ಗೊತ್ತಿರೋ ಹುಡುಗ ಪಟ್ಟಿಗೇ ಬರಲ್ಲ ಅಂದ್ರೆ ನನಗೆ ನಿಜವಾಗ್ಲೂ ಹೊಟ್ಟೆ ಉರಿಯುತ್ತೆ.

ಹೆಡ್‌ಲೈನ್‌ಗೆ 220 ಅಕ್ಷರ ಜಾಗ ಇದೆ. ಕ್ವಾಲಿಟಿ ಇಂಜಿನಿಯರ್, ಆಟೊ ಕಾಂಪೊನೆಂಟ್ಸ್, ಸಿಎಂಎಂ ಪ್ರೋಗ್ರಾಮಿಂಗ್, ಪಿಪಿಎಪಿ, ಐಎಟಿಎಫ್ 16949 (ಆಟೊ ಉದ್ಯಮದ ಕ್ವಾಲಿಟಿ ಸ್ಟ್ಯಾಂಡರ್ಡ್) ಅಂತ ಇಂಗ್ಲಿಷ್‌ನಲ್ಲಿ ಬರಿ. ಸಿಎಂಎಂ ಸಾಫ್ಟ್‌ವೇರ್ ಪಿಸಿ-ಡಿಮಿಸ್ಸೋ ಕ್ಯಾಲಿಪ್ಸೊನೋ, ಅದರ ಹೆಸರೂ ಇರಲಿ, ಎಷ್ಟೋ ಕ್ಲೈಂಟ್‌ಗಳು ಅದನ್ನೇ ಕೇಳ್ತಾರೆ. ಮಾಡಿರೋದನ್ನ ಮಾತ್ರ ಹಾಕು, ಇಂಟರ್‌ವ್ಯೂನಲ್ಲಿ ಡ್ರಾಯಿಂಗ್ ಮುಂದಿಟ್ಟು ಡೇಟಮ್ (ಅಳತೆಗೆ ಆಧಾರವಾಗಿ ಹಿಡಿಯೋ ಜಾಗ) ಎಲ್ಲಿ ತಗೋತೀಯ ಅಂತಾರೆ. ಅನುಭವದ ಕಾಲಂನಲ್ಲಿ 'ಕ್ವಾಲಿಟಿ ಇಂಜಿನಿಯರ್' ಅಂತ ಬರೆದು, ಕೆಳಗೆ ವಿವರದಲ್ಲಿ ಕಂಪನಿಯ ಗ್ರೇಡನ್ನೂ ಹೇಳು. ನಾಳೆ ವೆರಿಫಿಕೇಷನ್‌ನಲ್ಲಿ ಕಾಗದಪತ್ರಕ್ಕೂ ಪ್ರೊಫೈಲ್‌ಗೂ ತಾಳೆ ಬೀಳಬೇಕು.

ನಿನ್ನ ಥರದ ಕೆಲಸಕ್ಕೆ ನಾನು ಮೊದಲು ತೆಗೆಯೋದು ರಿಕ್ರೂಟರ್‌ಗಳು ರೆಸ್ಯೂಮೆ ಹುಡುಕೋ ಡೇಟಾಬೇಸ್, ಅಂದ್ರೆ ನೌಕ್ರಿಯ ರೆಸ್‌ಡೆಕ್ಸ್. ಅಲ್ಲಿ ನೋಟಿಸ್ ಪೀರಿಯಡ್‌ಗೆ, ಇತ್ತೀಚೆಗೆ ಯಾರು ಆಕ್ಟಿವ್ ಇದ್ದಾರೆ ಅನ್ನೋದಕ್ಕೆ ಫಿಲ್ಟರ್ ಇದೆ. ನೋಟಿಸ್ ಪೀರಿಯಡ್ ಕಾಲಂ ಖಾಲಿ ಬಿಡಬೇಡ, ಆಗಾಗ ಲಾಗಿನ್ ಆಗ್ತಿರು.

ವಸಂತನರಸಾಪುರ_ಶಿಫ್ಟ್:
ಅಕ್ಕ ಹೇಳಿದ್ದು ಸರಿ. ಊರಿನ ವಿಷಯ ಒಂದು ಸೇರಿಸ್ತೀನಿ. ನನ್ನ ಪ್ರೊಫೈಲ್‌ನಲ್ಲಿ ತುಮಕೂರು ಒಂದೇ ಇತ್ತು. ಪ್ರಿಫರ್ಡ್ ಲೊಕೇಷನ್‌ಗೆ ಬೆಂಗಳೂರು, ಹೊಸೂರು ಸೇರಿಸಿದ ಮೇಲೇ ಬೊಮ್ಮಸಂದ್ರದಿಂದ ಕರೆ ಬಂದಿದ್ದು. ಶಿಫ್ಟ್‌ನಲ್ಲಿ ನಮ್ಮ ಫೋನ್ ಲಾಕರ್‌ನಲ್ಲಿರುತ್ತೆ ಅಲ್ವಾ, ಅದಕ್ಕೆ 'ಸಂಜೆ 5ರ ಮೇಲೆ ಕರೆ ಮಾಡಿ' ಅಂತ ರೆಸ್ಯೂಮೆಯಲ್ಲಿ ನಂಬರ್ ಪಕ್ಕದಲ್ಲೇ ಬರೆದಿದ್ದೀನಿ.

ಪೀಣ್ಯ_ಕ್ವಾಲಿಟಿ:
ತುಂಬಾ ಥ್ಯಾಂಕ್ಸ್ ಅಕ್ಕ, ಹೆಡ್‌ಲೈನ್ ಈಗಲೇ ಬದಲಾಯಿಸಿದೆ. ಕೆಲಸ ಹುಡುಕ್ತಿದ್ದೀನಿ ಅಂತ ತೋರಿಸೋ ಲಿಂಕ್ಡ್‌ಇನ್‌ನ 'ಓಪನ್ ಟು ವರ್ಕ್' ಹಾಕಬಹುದಾ? ಒಬ್ರು ದುಡ್ಡು ಕೊಟ್ರೆ ಪ್ರೊಫೈಲ್ ಮೇಲೆ ತರ್ತೀವಿ, ಕೆಲಸನೂ ಗ್ಯಾರಂಟಿ ಅಂತಿದ್ದಾರೆ.

ಎಚ್ಆರ್_ಅಕ್ಕ:
ಹಾಕು, ಆದ್ರೆ 'ರಿಕ್ರೂಟರ್‌ಗಳಿಗೆ ಮಾತ್ರ' ಅನ್ನೋದನ್ನ ಆರಿಸ್ಕೊ. ಫೋಟೊ ಸುತ್ತ ಹಸಿರು ಪಟ್ಟಿ ಬಂದ್ರೆ ಎಲ್ಲರಿಗೂ ಕಾಣುತ್ತೆ. ನಿನ್ನ ಕಂಪನಿಯ ರಿಕ್ರೂಟರ್‌ಗಳಿಗೆ ಕಾಣದ ಹಾಗೆ ಲಿಂಕ್ಡ್‌ಇನ್ ನೋಡ್ಕೊಳ್ಳುತ್ತೆ, ಆದ್ರೂ ಪೂರ್ತಿ ಖಾತ್ರಿ ಕೊಡಲ್ಲ ಅಂತ ಅವರೇ ಹೇಳ್ತಾರೆ. ಅಷ್ಟಕ್ಕೂ ಭಯ ಅನ್ಸಿದ್ರೆ ಅದನ್ನ ಆಫ್ ಮಾಡಿಡು. ಕೀವರ್ಡ್ ಸರಿ ಇದ್ರೆ ಅದಿಲ್ಲದೆಯೂ ಸರ್ಚ್‌ನಲ್ಲಿ ಸಿಗ್ತೀಯ.

ದುಡ್ಡು ಕೇಳಿದವರಿಗೆ ಒಂದು ಪೈಸೆನೂ ಕೊಡಬೇಡ. ನಮ್ಮ ಫೀಸು ಕಂಪನಿ ಕೊಡುತ್ತೆ, ಕೆಲಸ ಹುಡುಕೋ ಹುಡುಗರ ಹತ್ರ ನಾವು ತಗೊಳ್ಳಲ್ಲ.