ಶುಗರ್ ಇದ್ದರೆ ಪ್ರಾಸ್ಟೇಟ್ ದೊಡ್ಡದಾಗುತ್ತಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನಗೆ 58 ವರ್ಷ. ಶುಗರ್ ಬಂದು ಹತ್ತು ವರ್ಷ ಆಯ್ತು, ಹೊಟ್ಟೆಯೂ ಬಂದಿದೆ. ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳುತ್ತೇನೆ. ಸ್ಕ್ಯಾನಿಂಗ್‌ನಲ್ಲಿ ಪ್ರಾಸ್ಟೇಟ್ ದೊಡ್ಡದಾಗಿದೆ ಎಂದಿದ್ದಾರೆ. ಇದು ಶುಗರ್‌ನಿಂದಲೇ ಆಗಿದ್ದಾ? ಶುಗರ್ ಹತೋಟಿಗೆ ಬಂದರೆ ಗ್ರಂಥಿ ಚಿಕ್ಕದಾಗುತ್ತಾ?

ಉತ್ತರ (ಮೂತ್ರರೋಗ ತಜ್ಞ): ನಮಸ್ಕಾರ. ಪ್ರಾಸ್ಟೇಟ್ ಅಂದರೆ ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ. ಅದು ದೊಡ್ಡದಾಗಲು ಮುಖ್ಯ ಕಾರಣ ವಯಸ್ಸು ಮತ್ತು ಗಂಡಸರ ಹಾರ್ಮೋನು. ಆದರೆ ಬೊಜ್ಜು, ಶುಗರ್ ಇದ್ದವರಲ್ಲಿ ಈ ತೊಂದರೆ ಜಾಸ್ತಿ ಕಾಣುತ್ತದೆ. ಟೈಪ್ 2 ಶುಗರ್‌ನಲ್ಲಿ ಇನ್ಸುಲಿನ್ ಸರಿಯಾಗಿ ನಾಟುವುದಿಲ್ಲ. ಅದನ್ನು ಸರಿದೂಗಿಸಲು ದೇಹ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಇನ್ಸುಲಿನ್ ಜೀವಕೋಶಗಳ ಬೆಳವಣಿಗೆಗೂ ಕುಮ್ಮಕ್ಕು ಕೊಡುತ್ತದೆ, ಪ್ರಾಸ್ಟೇಟ್ ಕೂಡ ಅದಕ್ಕೆ ಹೊರತಲ್ಲ. ಹೊಟ್ಟೆಯ ಕೊಬ್ಬು ಉರಿಯೂತವನ್ನೂ ಹೆಚ್ಚಿಸುತ್ತದೆ. ಆದರೆ ಈಗಾಗಲೇ ಬೆಳೆದ ಗ್ರಂಥಿ ಶುಗರ್ ಇಳಿಸಿದ ಮಾತ್ರಕ್ಕೆ ಕುಗ್ಗುತ್ತದೆ ಎಂದು ನಂಬಬೇಡಿ.

ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಬೇರೆ. ನೀವು ಏಳುತ್ತಿರುವುದು ಪ್ರಾಸ್ಟೇಟ್‌ನಿಂದಲೇ ಎಂದು ಹೇಗೆ ಗೊತ್ತು? ರಕ್ತದ ಸಕ್ಕರೆ ಸುಮಾರು 180 ದಾಟಿದರೆ ಅದು ಮೂತ್ರಕ್ಕೆ ಇಳಿಯುತ್ತದೆ, ಜೊತೆಗೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಮೂರು ದಿನ ಅಳತೆ ಲೋಟದಲ್ಲಿ ಮೂತ್ರ ಅಳೆದು, ಹೊತ್ತಿನ ಸಮೇತ ಬರೆದಿಡಿ. ಪ್ರತಿ ಸಲವೂ ತುಂಬಾ ಹೋದರೆ ಶುಗರ್ ಮೇಲೆ ಅನುಮಾನ. ಸ್ವಲ್ಪ ಸ್ವಲ್ಪವೇ ಹೋದರೆ, ಧಾರೆ ಸಣ್ಣಗಿದ್ದರೆ ಪ್ರಾಸ್ಟೇಟ್ ಅಥವಾ ಮೂತ್ರಕೋಶ. ಎಷ್ಟೋ ಜನರಲ್ಲಿ ಎರಡೂ ಇರುತ್ತವೆ. ಹಳೇ ಶುಗರ್‌ನಿಂದ ಮೂತ್ರಕೋಶದ ನರಗಳು ಸೋತಿರಬಹುದು. ಆಗ ತುಂಬಿದ್ದೂ ಗೊತ್ತಾಗಲ್ಲ, ಪೂರ್ತಿ ಖಾಲಿಯೂ ಆಗಲ್ಲ. ಹಾಗಾಗಿ ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿದಿದೆ ಎಂದು ಸ್ಕ್ಯಾನ್ ಮಾಡಿಸಿ. ಇದನ್ನು ನೋಡದೆ ಆಪರೇಷನ್‌ಗೆ ಒಪ್ಪಬೇಡಿ ದಯವಿಟ್ಟು. ನರವೇ ಸೋತಿದ್ದರೆ ಆಪರೇಷನ್ ಆದರೂ ತೊಂದರೆ ಉಳಿಯಬಹುದು. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ), ಮೂತ್ರ ಪರೀಕ್ಷೆಯೂ ಬೇಕು.

ಇನ್ನೊಬ್ಬ ಸದಸ್ಯರು: ಸರ್, ನನಗೆ ಶುಗರ್‌ಗೆ ಡಾಪಾಗ್ಲಿಫ್ಲೋಜಿನ್ ಮಾತ್ರೆ ಶುರು ಮಾಡಿದ ಮೇಲೆ ಮೂತ್ರ ಜಾಸ್ತಿ ಆಗಿದೆ. ನಿಲ್ಲಿಸಲಾ?

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ. ಆ ಮಾತ್ರೆ ಸಕ್ಕರೆಯನ್ನು ಮೂತ್ರದಲ್ಲೇ ಹೊರಹಾಕುತ್ತದೆ, ಮೂತ್ರ ಹೆಚ್ಚುವುದು ಅದರ ಗುಣ. ಹೃದಯ, ಕಿಡ್ನಿಗೆ ಅದರಿಂದ ಒಳ್ಳೆಯದೂ ಇದೆ. ರಾತ್ರಿ ತಗೋತಿದ್ದರೆ ಬೆಳಿಗ್ಗೆಗೆ ಬದಲಿಸಬಹುದಾ ಎಂದು ನಿಮ್ಮ ಡಾಕ್ಟರನ್ನು ಕೇಳಿ. ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ಕೂಡ ಇದ್ದರೆ ಹಾಸಿಗೆಯಿಂದ ನಿಧಾನ ಏಳಿ, ತಲೆ ಸುತ್ತಬಹುದು. ಮೂತ್ರ ಪೂರ್ತಿ ಕಟ್ಟಿಕೊಂಡರೆ ಮಾತ್ರ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.